ಮನೆಯ ನ್ಯಾಸ್‌ನಲ್ಲಿ ಶೇರ್ಡ್ ಫೋಲ್ಡರ್‌ಗಳನ್ನು ಹೊಸದಾಗಿ ಜೋಡಿಸಿದವರ ಅನುಭವ ಬೇಕು

ದಾವಣಗೆರೆ ವಿದ್ಯಾನಗರದಿಂದ ಪ್ರಶ್ನೆ:

ಮನೆಯಲ್ಲಿ ಎರಡು ಡಿಸ್ಕಿನ ಸಿನಾಲಜಿ ಕಂಪನಿಯ ನ್ಯಾಸ್ ಇದೆ, ಅಂದರೆ ಮನೆಯ ನೆಟ್‌ವರ್ಕ್‌ಗೆ ಸೇರಿಸಿ ಎಲ್ಲರೂ ಫೈಲ್ ಇಡುವ ಪೆಟ್ಟಿಗೆ. ಕೊಂಡಾಗಿನಿಂದ ಅವರವರಿಗೆ ತೋಚಿದಂತೆ ಶೇರ್ಡ್ ಫೋಲ್ಡರ್ ಮಾಡಿಕೊಂಡು ಈಗ ಇಪ್ಪತ್ತರ ಹತ್ತಿರ ಆಗಿವೆ. ಮಾವನವರ ಜಮೀನಿನ ಕಾಗದಪತ್ರ, ಅಂಗಡಿ ಲೆಕ್ಕ, ಮಕ್ಕಳ ಫೋಟೊ, ನನ್ನ ಕಾಲೇಜಿನ ನೋಟ್ಸ್ ಎಲ್ಲ ಕಲಸಿಹೋಗಿವೆ. ಒಂದೇ ಫೋಟೊ ಮೂರು ಕಡೆ ಇದೆ. ಏನೂ ಕಳೆದುಕೊಳ್ಳದೆ ಜೋಡಿಸುವುದು ಹೇಗೆ? ಮಾಡಿದವರು ದಯವಿಟ್ಟು ಹೇಳಿ.

ಚಿತ್ರದುರ್ಗ, ಹೊಳಲ್ಕೆರೆ ರಸ್ತೆಯಿಂದ:

ಮೇಡಂ, ವಿಷಯಕ್ಕೊಂದು ಶೇರ್ಡ್ ಫೋಲ್ಡರ್ ಎನ್ನುವ ಯೋಚನೆಯನ್ನೇ ಮೊದಲು ಬಿಡಿ. ಇಪ್ಪತ್ತು ಆಗುವುದು ಅದರಿಂದಲೇ. ಅನುಮತಿ, ರೀಸೈಕಲ್ ಬಿನ್, ಸ್ನ್ಯಾಪ್‌ಶಾಟ್ (ಆ ಹೊತ್ತಿಗೆ ಫೋಲ್ಡರ್ ಹೇಗಿತ್ತೋ ಹಾಗೆ ಹಿಡಿದಿಡುವುದು) ಇವೆಲ್ಲ ನಿಗದಿಯಾಗುವುದು ಶೇರ್ಡ್ ಫೋಲ್ಡರ್ ಮಟ್ಟದಲ್ಲಿ. ಹಾಗಾಗಿ ಯಾರು ನೋಡಬೇಕು, ಯಾರು ತಿದ್ದಬಹುದು ಎಂದು ಕೇಳಿಕೊಂಡು ಭಾಗ ಮಾಡಿ. ವಿಷಯಗಳು ಅದರೊಳಗಿನ ಸಾದಾ ಫೋಲ್ಡರ್‌ಗಳಾಗಲಿ. ನಮ್ಮ ಮನೆಯಲ್ಲಿ ಉಳಿದಿರುವುದು ನಾಲ್ಕೇ: ಎಲ್ಲರೂ ಬಳಸುವ ‘ಮನೆ’, ಎಲ್ಲರೂ ನೋಡಬಹುದಾದರೂ ನಾನು ಮತ್ತು ನಮ್ಮಣ್ಣ ಮಾತ್ರ ತಿದ್ದುವ ‘ದಾಖಲೆ’, ಅಂಗಡಿಯವರಿಗಷ್ಟೇ ಕಾಣುವ ‘ವ್ಯಾಪಾರ’, ಮತ್ತೆ ಫೋಟೊ. ನಿಮ್ಮ ನೋಟ್ಸ್‌ನಂಥ ಸ್ವಂತದ್ದು ಯೂಸರ್ ಹೋಮ್‌ಗೆ, ಅಂದರೆ ಒಬ್ಬೊಬ್ಬರಿಗೆ ಇರುವ ಸ್ವಂತ ಫೋಲ್ಡರಿಗೆ ಹೋಗಲಿ, ಅದು ಅಡ್ಮಿನ್ ಬಿಟ್ಟರೆ ಬೇರೆ ಸದಸ್ಯರಿಗೆ ಕಾಣುವುದಿಲ್ಲ.

ಅನುಮತಿಯನ್ನು ಒಬ್ಬೊಬ್ಬರಿಗೆ ಕೊಡದೆ ಗ್ರೂಪ್ ಮಾಡಿ ಕೊಡಿ. ಇಲ್ಲಿ ಬಹಳ ಜನ ಸಿಕ್ಕಿಕೊಳ್ಳುವ ಒಂದು ಜಾಗ ಇದೆ. ಸಿನಾಲಜಿಯಲ್ಲಿ ‘ನೋ ಆ್ಯಕ್ಸೆಸ್’ ಎಲ್ಲಕ್ಕಿಂತ ಮೇಲು. ‘ಮಕ್ಕಳು’ ಗ್ರೂಪಿಗೆ ವ್ಯಾಪಾರದ ಫೋಲ್ಡರ್ ನೋ ಆ್ಯಕ್ಸೆಸ್ ಎಂದು ಹಾಕಿಬಿಟ್ಟರೆ, ನಾಳೆ ಮಗಳು ಜಿಎಸ್‌ಟಿ ಕೆಲಸಕ್ಕೆ ಕೈ ಹಚ್ಚಿದಾಗ ಅವಳ ಹೆಸರಿಗೇ ರೀಡ್-ರೈಟ್ ಕೊಟ್ಟರೂ ಬಾಗಿಲು ತೆಗೆಯುವುದಿಲ್ಲ. ಬೇಡದ ಕಡೆ ಯಾವ ಟಿಕ್ಕೂ ಹಾಕದೆ ಖಾಲಿ ಬಿಡಿ, ಅಷ್ಟೇ ಸಾಕು.

ಸರಿಸುವ ಕೆಲಸವನ್ನು ಲ್ಯಾಪ್‌ಟಾಪ್‌ನಿಂದ ಎಳೆದು ಬಿಟ್ಟು ಮಾಡಬೇಡಿ. ಎರಡು ಶೇರ್‌ಗಳ ನಡುವೆ ಹಾಗೆ ಎಳೆದರೆ ಪ್ರತಿ ಫೈಲೂ ಲ್ಯಾಪ್‌ಟಾಪ್‌ವರೆಗೆ ಬಂದು ಮತ್ತೆ ವಾಪಸ್ ಹೋಗಬಹುದು. ಗಿಗಾಬಿಟ್ ತಂತಿಯಲ್ಲೂ ಸೆಕೆಂಡಿಗೆ ಸುಮಾರು 110 ಎಂಬಿ. ಒಂದು ಟಿಬಿ ಒಂದು ದಿಕ್ಕಿಗೆ ಸಾಗಲು ಎರಡೂವರೆ ಗಂಟೆ. ಇಂಟರ್‌ನೆಟ್‌ನವರು ಕೊಟ್ಟ ರೌಟರಿನ ಪೋರ್ಟ್ 100 ಎಂಬಿಪಿಎಸ್‌ನದ್ದಾಗಿದ್ದರೆ ಹೆಚ್ಚುಕಡಿಮೆ ಒಂದು ಇಡೀ ದಿನ. ಬ್ರೌಸರ್‌ನಲ್ಲಿ ನ್ಯಾಸ್‌ನದೇ ಫೈಲ್ ಸ್ಟೇಷನ್ ತೆರೆದು ಅಲ್ಲಿಂದ ಸರಿಸಿ, ಕೆಲಸ ಪೆಟ್ಟಿಗೆಯ ಒಳಗೇ ಮುಗಿಯುತ್ತದೆ.

ಇದಕ್ಕೆಲ್ಲ ಮೊದಲು ಹೊರಗಿನ ಡಿಸ್ಕಿಗೆ ಸಿನಾಲಜಿಯ ಬ್ಯಾಕಪ್ ಪ್ಯಾಕೇಜ್ ಹೈಪರ್ ಬ್ಯಾಕಪ್‌ನಲ್ಲಿ ಒಂದು ಪೂರ್ತಿ ಪ್ರತಿ ಇರಲೇಬೇಕು, ಅದರಿಂದ ನಾಲ್ಕಾರು ಫೈಲ್ ತೆರೆದು ನೋಡಿರಬೇಕು. ಎರಡು ಡಿಸ್ಕ್ ಇದೆಯಲ್ಲ ಎಂದು ಧೈರ್ಯ ಮಾಡಬೇಡಿ. ಎರಡು ಡಿಸ್ಕಿನಲ್ಲೂ ಒಂದನ್ನೇ ಬರೆಯುವ ರೈಡ್ 1 ಕಾಪಾಡುವುದು ಡಿಸ್ಕ್ ಕೆಟ್ಟಾಗ ಮಾತ್ರ. ನೀವು ಅಳಿಸಿದ್ದು ಎರಡರಲ್ಲೂ ಅದೇ ಕ್ಷಣ ಅಳಿಯುತ್ತದೆ. ಇನ್ವರ್ಟರ್ ಇದ್ದರೂ ಯುಎಸ್‌ಬಿ ತಂತಿ ಇರುವ ಚಿಕ್ಕ ಯುಪಿಎಸ್ ಹಾಕಿಸಿ. ಕರೆಂಟ್ ಹೋದದ್ದನ್ನು ನ್ಯಾಸ್‌ಗೆ ತಿಳಿಸಿ, ಬ್ಯಾಟರಿ ಇಳಿಯುವ ಮೊದಲು ಕ್ರಮವಾಗಿ ನಿಲ್ಲಿಸುವುದು ಅದೇ.

ದಾವಣಗೆರೆ ಪಿ.ಜೆ. ಬಡಾವಣೆಯಿಂದ, ಸ್ಟುಡಿಯೊ ನಡೆಸುವವರು:

ಮೇಲಿನ ಅಣ್ಣ ಹೇಳಿದ್ದೆಲ್ಲ ಸರಿ. ಫೋಟೊ ಬಗ್ಗೆ ನಾನು ಸೇರಿಸುತ್ತೇನೆ. ಸಿನಾಲಜಿ ಫೋಟೋಸ್ ಆ್ಯಪ್ ಬಳಸುತ್ತಿದ್ದರೆ ‘photo’ ಎಂದು ಅದೇ ಮಾಡಿಕೊಂಡ ಶೇರ್ಡ್ ಫೋಲ್ಡರಿನ ಹೆಸರು ಮುಟ್ಟಬೇಡಿ, ಚಿತ್ರಗಳನ್ನು ಆ್ಯಪ್‌ನ ಒಳಗಿಂದಲೇ ಸರಿಸಿ. ಒಂದೇ ಫೋಟೊ ಮೂರು ಕಡೆ ಇರುವುದಕ್ಕೆ ಸ್ಟೋರೇಜ್ ಅನಲೈಸರ್ ಪ್ಯಾಕೇಜ್ ಇದೆ, ಒಂದೇ ಥರದ ಫೈಲುಗಳ ಪಟ್ಟಿ ಕೊಡುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರ ಆ ಪಟ್ಟಿಗೆ ಬರುವುದಿಲ್ಲ, ಕುಗ್ಗಿಸಿ ಕಳಿಸಿದ್ದರಿಂದ ಅದು ಬೇರೆಯೇ ಫೈಲ್. ತೆಗೆದ ದಿನಾಂಕವೂ ಅದರೊಳಗೆ ಉಳಿದಿರುವುದಿಲ್ಲ. ಹೆಸರಿನಲ್ಲಿ 20230412 ಎಂದು ಬರುತ್ತದಲ್ಲ, ದಿನಾಂಕದ ಗುರುತು ಅದೊಂದೇ. ಆದ್ದರಿಂದ ವಾಟ್ಸ್‌ಆ್ಯಪ್ ಚಿತ್ರಗಳ ಹೆಸರು ಬದಲಿಸಬೇಡಿ. ಅಳಿಸಿದ ಮೇಲೂ ಜಾಗ ಖಾಲಿಯಾಗಲಿಲ್ಲ ಎಂದು ಗಾಬರಿ ಬೇಡ. ರೀಸೈಕಲ್ ಬಿನ್ ಮತ್ತು ಹಳೆಯ ಸ್ನ್ಯಾಪ್‌ಶಾಟ್‌ಗಳು ಅದನ್ನು ಹಿಡಿದಿಟ್ಟಿರುತ್ತವೆ.

ಹೆಸರುಗಳನ್ನು ಕನ್ನಡದಲ್ಲೇ ಇಡಿ, ಮನೆಯ ಹಿರಿಯರೂ ತಾವೇ ಹುಡುಕಿಕೊಳ್ಳುವಂತಿರಬೇಕು. ಆದರೆ ಚಿಕ್ಕದಾಗಿ ಇಡಿ. ಫೈಲ್ ಹೆಸರಿಗೆ ನ್ಯಾಸ್‌ನ ಒಳಗಿರುವ ಲಿನಕ್ಸ್ ಕೊಡುವುದು 255 ಬೈಟ್, ಕನ್ನಡದ ಒಂದೊಂದು ಚಿಹ್ನೆಗೂ (ಅಕ್ಷರ, ಸ್ವರದ ಗುರುತು, ಅರ್ಧಾಕ್ಷರದ ಗುರುತು ಎಲ್ಲ ಬೇರೆ ಬೇರೆ) ಮೂರು ಬೈಟ್. ‘ದಾವಣಗೆರೆ’ ಎಂದರೇ 24 ಬೈಟ್; ‘ಕ್ಷ’ ಒಂದಕ್ಕೇ ಒಂಬತ್ತು. ಎನ್‌ಕ್ರಿಪ್ಟ್ ಮಾಡಿದ, ಅಂದರೆ ಗುಪ್ತಲಿಪಿಯಲ್ಲಿ ಬೀಗ ಹಾಕಿದ ಶೇರ್ಡ್ ಫೋಲ್ಡರ್ ಆದರೆ ಮಿತಿ 143 ಬೈಟ್, ಅಂದರೆ ಕನ್ನಡದ 47 ಚಿಹ್ನೆ. ಮದುವೆ ಆಲ್ಬಮ್ಮಿಗೆ ವಧೂವರರ ಹೆಸರು, ಊರು, ಕಲ್ಯಾಣ ಮಂಟಪ ಎಲ್ಲ ಸೇರಿಸಿ ಬರೆಯುವವರಿಗೆ ಇದು ಬೇಗ ಮುಗಿಯುತ್ತದೆ.

ಚನ್ನಗಿರಿಯಿಂದ:

ಅಮ್ಮಾ, ಮಾವನವರ ಜಮೀನಿನ ಕಾಗದ ಜೋಡಿಸುವಾಗ ಜಿಲ್ಲೆ, ತಾಲ್ಲೂಕು ಎಂದು ಫೋಲ್ಡರ್ ಮಾಡಲು ಹೋಗಬೇಡಿ. ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಹಿಂದಿನ ದಾವಣಗೆರೆಯ ಪತ್ರಗಳಲ್ಲಿ ಚಿತ್ರದುರ್ಗ ಜಿಲ್ಲೆ ಎಂದಿರುತ್ತದೆ, ನಮ್ಮ ಚನ್ನಗಿರಿ, ಹೊನ್ನಾಳಿ ಕಡೆಯವುಗಳಲ್ಲಿ ಶಿವಮೊಗ್ಗ. ಒಂದೇ ಹೊಲದ ಕಾಗದ ಎರಡು ಕಡೆ ಹರಿದುಹೋಗುತ್ತದೆ. ಊರಿನ ಹೆಸರು, ಅದರೊಳಗೆ ಸರ್ವೆ ನಂಬರ್, ಅದರೊಳಗೆ ಪಹಣಿ, ಕ್ರಯಪತ್ರ, ಮ್ಯುಟೇಶನ್. ಪೋಡಿಯಾಗಿ, ಅಂದರೆ ಹೊಲ ಭಾಗವಾಗಿ 45 ಹೋಗಿ 45/2 ಆಗಿದ್ದರೆ ಅದು 45ರ ಒಳಗೇ ಇರಲಿ, ಮೂಲದ ಜಾಡು ತಪ್ಪಬಾರದು. ಓರೆಗೆರೆಯನ್ನು ಫೈಲ್ ಹೆಸರಿನಲ್ಲಿ ಹಾಕಲು ಬರುವುದಿಲ್ಲ, 45-2 ಎಂದೇ ಬರೆಯಿರಿ. ದಿನಾಂಕ ಹಾಕುವಾಗ ವರ್ಷ ಮೊದಲು, ಆಮೇಲೆ ತಿಂಗಳು, ದಿನ. 1986-07-21 ಎಂದಿದ್ದರೆ ತಾನಾಗಿ ಸಾಲಿಗೆ ನಿಲ್ಲುತ್ತದೆ. ಪಾಲು ಹಂಚಿಕೆಯ ಮಾತು ಬಂದಾಗ ಬೇಕಾಗುವುದು ಈ ಸಾಲೇ.

ವಿದ್ಯಾನಗರದಿಂದ:

ಎಲ್ಲರಿಗೂ ಧನ್ಯವಾದ. ಅಂಗಡಿಯ ಸ್ಕ್ಯಾನರ್ ನೇರವಾಗಿ ಹಳೆಯ ಫೋಲ್ಡರಿಗೇ ಕಳಿಸುತ್ತದೆ, ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರಿನ ಡೇಟಾ ಕೂಡ ಅಲ್ಲೇ. ಅದನ್ನು ಯಾವಾಗ ತೆಗೆಯಬಹುದು?

ಹೊಳಲ್ಕೆರೆ ರಸ್ತೆಯಿಂದ:

ತಕ್ಷಣ ತೆಗೆಯಬೇಡಿ ಮೇಡಂ. ಟ್ಯಾಲಿಯನ್ನು ಎಲ್ಲ ಕಂಪ್ಯೂಟರ್‌ನಲ್ಲೂ ಮುಚ್ಚಿ, ಬ್ಯಾಕಪ್ ತೆಗೆದು, ಡೇಟಾವನ್ನು ಹೊಸ ಜಾಗಕ್ಕೆ ಕಾಪಿ ಮಾಡಿ, ಡೇಟಾ ಪಾತ್ ಬದಲಿಸಿ ತೆರೆದು ನೋಡಿ. ಸ್ಕ್ಯಾನರಿನ ವಿಳಾಸವನ್ನೂ ಬದಲಿಸಿ. ಆಮೇಲೆ ಹಳೆಯ ಶೇರ್ಡ್ ಫೋಲ್ಡರನ್ನು ಎಲ್ಲರಿಗೂ ರೀಡ್ ಓನ್ಲಿ ಮಾಡಿ ಬಿಡಿ. ಇನ್ನೂ ಅಲ್ಲಿಗೆ ಬರೆಯುತ್ತಿರುವ ಯಂತ್ರ ಯಾವುದಿದ್ದರೂ ಅದರ ಕೆಲಸ ನಿಲ್ಲುತ್ತದೆ, ಆದರೆ ಅಲ್ಲಿರುವ ಫೈಲಿಗೆ ಏನೂ ಆಗುವುದಿಲ್ಲ. ನ್ಯಾಸ್‌ನ ಎಸ್‌ಎಂಬಿ (ಕಂಪ್ಯೂಟರ್‌ಗಳು ಶೇರ್ಡ್ ಫೋಲ್ಡರ್ ತೆರೆಯುವ ವ್ಯವಸ್ಥೆ) ಸೆಟ್ಟಿಂಗ್‌ನಲ್ಲಿ ಟ್ರಾನ್ಸ್‌ಫರ್ ಲಾಗ್ ಆನ್ ಮಾಡಿದರೆ ಯಾರು ಯಾವ ಫೈಲ್ ತೆರೆದರು ಎಂಬುದು ಲಾಗ್ ಸೆಂಟರ್‌ನಲ್ಲಿ ಬರುತ್ತದೆ. ಒಂದು ಜಿಎಸ್‌ಟಿ ರಿಟರ್ನ್ ಹಾಕಿ ಮುಗಿದು, ಆ ಲಾಗ್‌ನಲ್ಲಿ ಹಳೆಯ ಫೋಲ್ಡರಿನ ಹೆಸರು ಬರುವುದು ನಿಂತಾಗ ಅಳಿಸಿ.