ಮುಖಪುಟ ನೋಡಿ ಕಾದಂಬರಿ ಆರಿಸಬಹುದಾ? ನಿಮ್ಮ ಅನುಭವ ಹೇಳಿ

ಅಮ್ಮ ಊರಲ್ಲಿ ಒಬ್ಬರೇ ಇದ್ದಾರೆ. ಹತ್ತಿರದಲ್ಲಿ ಪುಸ್ತಕದಂಗಡಿ ಇಲ್ಲ. ನಾನೇ ಆನ್‌ಲೈನಿನಲ್ಲಿ ಕಾದಂಬರಿ ತರಿಸಿ ಕಳಿಸುತ್ತೇನೆ. ಅಲ್ಲಿ ಕಾಣುವುದು ಮುಖಪುಟ, ಬೆಲೆ, ಎಷ್ಟು ಪುಟ, ಅಷ್ಟೇ. ಕಳೆದ ಸಲ ಕಳಿಸಿದ್ದರ ಮೇಲೆ ಹೆಂಚಿನ ಮನೆ, ಅಡಿಕೆ ತೋಟ, ಜಗಲಿಯಲ್ಲಿ ಕೂತ ಅಜ್ಜಿ. ಒಳಗೆ ನೋಡಿದರೆ ಮಗನ ಸಾವು, ಆಸ್ತಿ ಜಗಳ, ಕೋರ್ಟು. ಅಪ್ಪ ತೀರಿಕೊಂಡು ಇನ್ನೂ ವರ್ಷ ಆಗಿಲ್ಲ. ಅಮ್ಮ ಅರ್ಧಕ್ಕೇ ಮುಚ್ಚಿಟ್ಟರು. ಮುಖಪುಟವನ್ನು ಎಷ್ಟರ ಮಟ್ಟಿಗೆ ನಂಬಬಹುದು? ನೀವು ಹೇಗೆ ಆರಿಸುತ್ತೀರಿ?

ಮುಖಪುಟ ವಿನ್ಯಾಸ ಮಾಡುವವರ ಉತ್ತರ:
ಕಥೆ ಏನೆಂದು ತಿಳಿಯಲು ಮುಖಪುಟವನ್ನು ನಂಬಬೇಡಿ ಮೇಡಂ. ಎಷ್ಟೋ ಸಲ ಪೂರ್ತಿ ಹಸ್ತಪ್ರತಿ ನಮ್ಮ ಕೈಗೆ ಬರುವುದೇ ಇಲ್ಲ. ಪುಸ್ತಕದ ಹೆಸರು, ನಾಲ್ಕು ಸಾಲಿನ ಸಾರಾಂಶ, ಜೊತೆಗೆ ‘ಹಳ್ಳಿ ಕಥೆ, ಸ್ವಲ್ಪ ಮಲೆನಾಡು ಬರಲಿ’ ಅಂತ ಒಂದು ಫೋನು. ಅಷ್ಟೊತ್ತಿಗೆ ಬಿಡುಗಡೆಯ ಆಮಂತ್ರಣವೂ ಅಚ್ಚಾಗಿರುತ್ತದೆ. ಹಾಗೆ ಮಾಡಿದ ಚಿತ್ರ ಕಥೆ ಎಲ್ಲಿ ನಡೆಯುತ್ತದೆ ಅನ್ನುವುದನ್ನು ಹೇಳೀತು, ಏನು ನಡೆಯುತ್ತದೆ ಅನ್ನುವುದನ್ನಲ್ಲ. ನಿಮ್ಮ ಅಡಿಕೆ ತೋಟವೂ ಬಹುಶಃ ಹಾಗೇ ಬಂದಿರಬೇಕು.

ಓದಿ ಮಾಡಿದ ಮುಖಪುಟದ ಮಾತೇ ಬೇರೆ. ಅದರಲ್ಲಿ ಊರು, ಮನೆ ಕಾಣದೇ ಇರಬಹುದು, ಕಥೆಯ ಮನಸ್ಥಿತಿ ಮಾತ್ರ ಇದ್ದೇ ಇರುತ್ತದೆ. ಅದಕ್ಕೆ ಸಮಯ ಬೇಕು, ಆ ಸಮಯವನ್ನು ಪ್ರಕಾಶಕರು ಕೊಡಬೇಕು. ಕೊಡುವವರು ನಮ್ಮಲ್ಲೂ ಇದ್ದಾರೆ. ಕನ್ನಡ ಪುಸ್ತಕ ಪ್ರಾಧಿಕಾರದ ‘ಪುಸ್ತಕ ಸೊಗಸು’ ಬಹುಮಾನಗಳಲ್ಲಿ ಮುಖಪುಟಕ್ಕೂ ಒಂದಿದೆ. ಆ ಪಟ್ಟಿಗಳನ್ನು ನೋಡಿ, ಕಲಾವಿದರ ಹೆಸರು ಗುರುತಿಟ್ಟುಕೊಳ್ಳಿ. ಪುಸ್ತಕದ ಆರಂಭದಲ್ಲಿ ಬೆಲೆ, ಪ್ರತಿಗಳು, ಮುದ್ರಣಾಲಯದ ವಿವರ ಹಾಕುವ ಪುಟದಲ್ಲಿ ಮುಖಪುಟ ಯಾರದ್ದು ಅಂತಲೂ ಸಾಮಾನ್ಯವಾಗಿ ಇರುತ್ತದೆ. ಅಲ್ಲಿ ಯಾರ ಹೆಸರೂ ಇಲ್ಲದಿದ್ದರೆ ನಾನು ಚಿತ್ರಕ್ಕೆ ಜಾಸ್ತಿ ಬೆಲೆ ಕೊಡುವುದಿಲ್ಲ.

ಇಂಗ್ಲಿಷ್ ಪುಸ್ತಕಗಳನ್ನೂ ಓದುವವರ ಉತ್ತರ:
ಇದು ಕನ್ನಡದ್ದೊಂದೇ ತೊಂದರೆ ಅಲ್ಲ. ಜಸ್ಟೀನ್ ಲಾರ್ಬಲೆಸ್ಟಿಯರ್ ಅವರ ‘ಲಯರ್’ ಕಾದಂಬರಿಯ ಹುಡುಗಿ ಕಪ್ಪು ಬಣ್ಣದವಳು, ಗಿಡ್ಡ ಕೂದಲಿನವಳು. 2009ರಲ್ಲಿ ಅಮೆರಿಕದ ಪ್ರಕಾಶಕರು ಉದ್ದ ನೇರ ಕೂದಲಿನ ಬಿಳಿ ಹುಡುಗಿಯ ಮುಖ ಹಾಕಿದರು. ಲೇಖಕಿ ಬಹಿರಂಗವಾಗಿಯೇ ಬೇಸರ ಹೇಳಿಕೊಂಡರು, ಓದುಗರೂ ದನಿಗೂಡಿಸಿದರು. ಕೊನೆಗೆ ಮುಖಪುಟ ಬದಲಾಯಿತು. ನನಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ. ನಾವು ಮುಖಪುಟದಲ್ಲಿ ನೋಡಿದ ಮುಖವನ್ನೇ ಕೊನೇ ಪುಟದವರೆಗೂ ಪಾತ್ರಕ್ಕೆ ಅಂಟಿಸಿಕೊಂಡು ಓದುತ್ತೇವೆ, ಅಲ್ವಾ?

ಸರಿಯಾಗಿ ಆಗಿದ್ದಕ್ಕೂ ಉದಾಹರಣೆ ಇದೆ. ಕಾಫ್ಕಾನ ‘ಮೆಟಮಾರ್ಫಸಿಸ್’ನಲ್ಲಿ ಮನುಷ್ಯ ಬೆಳಗ್ಗೆ ಎದ್ದಾಗ ಹುಳುವಾಗಿರುತ್ತಾನೆ. 1915ರಲ್ಲಿ ಅದು ಪುಸ್ತಕವಾಗುವಾಗ ಕಾಫ್ಕಾ ಪ್ರಕಾಶಕರಿಗೆ ಕಾಗದ ಬರೆದು, ಹುಳುವನ್ನು ಮಾತ್ರ ಬರೆಸಬೇಡಿ, ದೂರದಿಂದ ಕಾಣುವಂತೆಯೂ ಬೇಡ ಎಂದು ಕೇಳಿಕೊಂಡ. ಮುಖಪುಟದಲ್ಲಿ ಬಂದದ್ದು ಮುಖ ಮುಚ್ಚಿಕೊಂಡ ಒಬ್ಬ ಮನುಷ್ಯ, ಅವನ ಹಿಂದೆ ತೆರೆದ ಬಾಗಿಲು, ಒಳಗೆ ಕತ್ತಲೆ. ಹುಳು ಇಲ್ಲ, ಆದರೆ ಆ ಮನೆಯ ಸಂಕಟ ಪೂರ್ತಿ ಇದೆ.

ಗ್ರಂಥಾಲಯದಲ್ಲಿ ಕೆಲಸ ಮಾಡುವವರ ಉತ್ತರ:
ನಮ್ಮಲ್ಲಿ ಹಳೇ ಕಾದಂಬರಿಗಳಿಗೆ ರಟ್ಟು ಹಾಕಿ ಬೈಂಡ್ ಮಾಡಿಸಿರುತ್ತಾರೆ, ಮುಖಪುಟ ಕಾಣುವುದೇ ಇಲ್ಲ. ಓದುಗರು ಲೇಖಕರ ಹೆಸರು ನೋಡುತ್ತಾರೆ, ನಡುವೆ ಎರಡು ಪುಟ ನಿಂತಲ್ಲೇ ಓದುತ್ತಾರೆ. ದಿನಾಂಕದ ಚೀಟಿಯಲ್ಲಿ ಮುದ್ರೆ ಒತ್ತೊತ್ತಾಗಿದ್ದರೆ ತೆಗೆದುಕೊಂಡು ಹೋಗುತ್ತಾರೆ. ನಿಮ್ಮ ತಾಯಿಗೆ ಹತ್ತಿರದ ಗ್ರಂಥಾಲಯಕ್ಕೆ ಹೋಗಿಬರಲು ಆಗುತ್ತದಾ ವಿಚಾರಿಸಿ.

ಹಳೆಯ ಓದುಗರೊಬ್ಬರ ಉತ್ತರ:
ನನ್ನ ಅನುಭವ ಸ್ವಲ್ಪ ಬೇರೆ. ನಾವು ಚಿಕ್ಕವರಿದ್ದಾಗ ಕಾದಂಬರಿ ಮೇಲೆ ದೊಡ್ಡ ಕಣ್ಣಿನ ಹೆಂಗಸಿನ ಮುಖ ಇದ್ದರೆ ಸಾಂಸಾರಿಕ ಕಥೆ, ಪಿಸ್ತೂಲು ಇದ್ದರೆ ಪತ್ತೇದಾರಿ. ಅದು ತಪ್ಪುತ್ತಿದ್ದದ್ದು ಕಡಿಮೆ. ಯಾವ ಬಗೆಯ ಪುಸ್ತಕ ಅನ್ನುವುದಕ್ಕೆ ಮುಖಪುಟ ಈಗಲೂ ಸಾಕು. ಮನಸ್ಸಿಗೆ ನೋವಾಗುತ್ತದಾ ಅನ್ನುವುದಕ್ಕೆ ಸಾಲದು.

ಬೆನ್ನುಡಿಯನ್ನೂ ನೆಚ್ಚಿಕೊಳ್ಳಬೇಡಮ್ಮ, ಅಲ್ಲಿ ಹೊಗಳಿಕೆಯೇ ಜಾಸ್ತಿ. ಮುನ್ನುಡಿ ಓದು. ನಮ್ಮ ಮುನ್ನುಡಿಗಳು ಎಷ್ಟೋ ಸಲ ಕಥೆಯನ್ನು ಪೂರ್ತಿ ಹೇಳಿಬಿಡುತ್ತವೆ. ಬೇರೆ ಓದುಗರಿಗೆ ಅದು ಕಿರಿಕಿರಿ, ನಿನಗೆ ಬೇಕಾಗಿರುವುದು ಅದೇ. ಸಣ್ಣ ಪ್ರಕಾಶಕರು ವಾಟ್ಸಾಪಿನಲ್ಲಿ ಆರ್ಡರ್ ತೆಗೆದುಕೊಳ್ಳುತ್ತಾರಲ್ಲ, ಮುನ್ನುಡಿಯ ಫೋಟೋ ಕಳಿಸಿ ಅಂತ ಕೇಳು. ಫೋನ್ ಮಾಡಿ ‘ಇದರಲ್ಲಿ ಸಾವು ಇದೆಯಾ, ಅಮ್ಮನಿಗೆ ಈಗ ಬೇಡ’ ಅಂತ ನೇರವಾಗಿ ಹೇಳಿದರೂ ಆಯಿತು. ನಾನು ನನ್ನ ಅಕ್ಕನಿಗೋಸ್ಕರ ಹೀಗೇ ಕೇಳಿದ್ದೆ. ಅವರು ಆ ಪುಸ್ತಕ ಬೇಡ ಅಂದು, ಹಗುರಾದ ಪ್ರಬಂಧಗಳ ಪುಸ್ತಕ ಒಂದನ್ನು ಕಳಿಸಿದರು. ಅಮ್ಮ ಮೊದಲು ಯಾರ ಕಾದಂಬರಿ ಇಷ್ಟಪಟ್ಟು ಓದುತ್ತಿದ್ದರು ಅಂತ ಇಲ್ಲಿ ಬರಿ. ಒಳಗೆ ಏನಿದೆ ಅಂತ ಓದಿದವರೇ ಹೇಳುತ್ತೇವೆ.