ಅಪ್‌ಡೇಟ್: ಕಾರ್ಟೆಕ್ಸ್-ಎ53 ಸಮಸ್ಯೆ ಬಗೆಹರಿಯಿತು

ಆರ್ಮ್ ಕಂಪನಿಯ ಕಾರ್ಟೆಕ್ಸ್-ಎ53 ಪ್ರೊಸೆಸರ್ ಮೇಲೆ, ಸಂಬಂಧವೇ ಇಲ್ಲದ ಒಂದು ಸಾಲು ಸೇರಿಸಿದರೆ ಕುಸಿಯುವ, ತೆಗೆದರೆ ಸರಿಹೋಗುವ ಪ್ರೋಗ್ರಾಂ ಬಗ್ಗೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ನಿಮ್ಮ ಊಹೆ ನಿಜ: ಇದು ಪ್ರೊಸೆಸರ್‌ನ 843419ನೇ ಸಂಖ್ಯೆಯ ದೋಷ. ಮೆಮೊರಿಯ 4 ಕಿಲೋಬೈಟ್ ಪುಟದ ಕೊನೆಯ 8 ಬೈಟ್‌ಗಳಲ್ಲಿ ‘ಎಡಿಆರ್‌ಪಿ’ (ಪುಟದ ವಿಳಾಸ ಲೆಕ್ಕಹಾಕುವ ಸೂಚನೆ) ಬಂದು, ಅದರ ಬೆನ್ನಿಗೇ ನಿರ್ದಿಷ್ಟ ಕ್ರಮದಲ್ಲಿ ಲೋಡ್, ಸ್ಟೋರ್‌ಗಳಿದ್ದರೆ (ಮೆಮೊರಿಯಿಂದ ಓದುವ, ಅದಕ್ಕೆ ಬರೆಯುವ ಸೂಚನೆಗಳು) ಪ್ರೊಸೆಸರ್ ತಪ್ಪು ವಿಳಾಸಕ್ಕೆ ಕೈಹಾಕಬಹುದು. ಒಂದು ಸಾಲು ಸೇರಿದರೂ ಸೂಚನೆಗಳ ವಿಳಾಸ ಸರಿಯುತ್ತದೆ. ಯಾವ ಸೂಚನೆಗೆ ಯಾವ ವಿಳಾಸ ಎಂಬುದು ತೀರ್ಮಾನವಾಗುವುದೇ ಲಿಂಕರ್‌ನಲ್ಲಿ (ಕಂಪೈಲ್ ಆದ ತುಣುಕುಗಳನ್ನು ಜೋಡಿಸಿ ಪ್ರೋಗ್ರಾಂ ಮಾಡುವ ಸಾಧನ). ಹಾಗಾಗಿ ಮದ್ದೂ ಅಲ್ಲಿಯೇ.

‘--ಫಿಕ್ಸ್-ಕಾರ್ಟೆಕ್ಸ್-ಎ53-843419’ ಎಂಬ ಲಿಂಕರ್ ಆಯ್ಕೆ ಕೊಟ್ಟು ಮತ್ತೆ ಲಿಂಕ್ ಮಾಡಿದೆ. ಡಿಸ್‌ಅಸೆಂಬ್ಲಿ (ಪ್ರೊಸೆಸರ್ ಸೂಚನೆಗಳ ಓದಬಲ್ಲ ಪಟ್ಟಿ) ತೆರೆದರೆ, ಆ ಲೋಡ್ ಇದ್ದ ಜಾಗದಲ್ಲಿ ಬೇರೆಡೆಗೆ ಒಂದು ಜಿಗಿತದ ಸೂಚನೆ! ಲೋಡ್ ಬೇರೆಡೆಯ ಪುಟ್ಟ ತುಣುಕಿಗೆ ಸ್ಥಳಾಂತರಗೊಂಡಿದೆ, ಅಲ್ಲಿಂದ ಮರಳಿ ಜಿಗಿತ. ಎಂಥ ಅಚ್ಚುಕಟ್ಟಾದ ಕೆಲಸ! ಕುಸಿತ ನಿಂತಿದೆ. ಹಂಚಿಕೆಯ ಲೈಬ್ರರಿಗಳನ್ನೂ (ಹಲವು ಪ್ರೋಗ್ರಾಂಗಳು ಬಳಸುವ ಕೋಡ್ ಕಡತಗಳು) ಇದೇ ಆಯ್ಕೆಯೊಂದಿಗೆ ಪ್ರತ್ಯೇಕವಾಗಿ ಲಿಂಕ್ ಮಾಡಬೇಕು. ಆ ಕೆಲಸ ನಡೆಯುತ್ತಿದೆ.