ವೆಬ್‌ಸೈಟ್ ನಾಕ್ ದಿನದಿಂದ ಬಂದ್ ಆಗೇತಿ, ಹೆಸರು ನಮ್ದೋ ಡಿಸೈನರ್‌ದೋ? ತಿಳಿದವ್ರು ಹೇಳ್ರಿ

ಇಳಕಲ್_ಮಗ್ಗ:

ಎಲ್ಲರಿಗೂ ನಮಸ್ಕಾರ್ರಿ. ನಮ್ದು ಇಳಕಲ್, ಮನ್ಯಾಗ ಎರಡು ಕೈಮಗ್ಗ ಅದಾವ, ಅಪ್ಪ ನೇಯ್ತಾರ, ಅವ್ವ ಕಂಡಿಕಿ ಸುತ್ತೋದು ಅದು ಇದು, ನಾನು ಆರ್ಡರ್, ಪ್ಯಾಕಿಂಗ್, ಲೆಕ್ಕ ನೋಡ್ಕೋತೀನಿ. ಮೂರು ವರ್ಷದ ಹಿಂದ ಒಬ್ಬ ಡಿಸೈನರ್ ಕಡೆ ವೆಬ್‌ಸೈಟ್ ಮಾಡ್ಸಿದ್ವಿ, 22,000 ಕೊಟ್ವಿ, ಡಾಟ್ ಇನ್ ಹೆಸರು. ಆಮ್ಯಾಲ ಎರಡು ವರ್ಷ ರಿನ್ಯೂವಲ್ ಅಂತ 6,000 ಹಂಗ ಕೊಟ್ಟೇವಿ. ಈಗ ನಾಕ್ ದಿನ ಆತು ಸೈಟ್ ಓಪನ್ ಆಗವಲ್ದು. ಅದಕಿಂತ ದೊಡ್ಡ ಚಿಂತಿ ಅಂದ್ರ ಅದೇ ಹೆಸರಿನ ಮೇಲ್ ಐಡಿನೂ ಬಂದ್. ಪುಣೆದ ಒಂದು ಅಂಗಡಿಯವ್ರು 15 ಸೀರಿ ಆರ್ಡರ್ ಕಳ್ಸಿದ್ರಂತ, ಮೇಲ್ ಕೂಡ್ಲೇ ವಾಪಸ್ ಬಂತು ಅಂತ ಫೋನ್ ಮಾಡಿದ್ಮ್ಯಾಲ ನನಗ ಗೊತ್ತಾತು.

ತಿಳೀಲಾರದ್ದು ಇನ್ನೊಂದು ಐತಿ. ಮೊದಲ್ನೇ ದಿನ ನನ್ನ ಫೋನಿನ್ಯಾಗ ಸೈಟ್ ಬರ್ತಿರ್ಲಿಲ್ಲ, ಅದೇ ಹೊತ್ತಿಗೆ ಬಾಗಲಕೋಟ್ಯಾಗ ಇರೋ ಅಕ್ಕನ ಫೋನಿನ್ಯಾಗ ಆರಾಮ ಓಪನ್ ಆಗ್ತಿತ್ತು. ಮರುದಿನ ಅಕಿಗೂ ಬಂದ್.

ಡಿಸೈನರ್‌ಗೆ ಕೇಳಿದ್ರ ಈ ಸಲ 14,500 ಆಗ್ತೈತಿ ಅಂತಾರ, ಯಾಕ ಅಂದ್ರ ಸರ್ವರ್, ಡೊಮೈನ್, ಎಸ್‌ಎಸ್‌ಎಲ್ ಅಂತ ಹೇಳ್ತಾರ, ನನಗ ಒಂದೂ ತಲಿಗೆ ಹತ್ತವಲ್ದು. ಅಪ್ಪ ಕೇಳೋದು ಒಂದ ಮಾತು, ಒಮ್ಮೆ ರೊಕ್ಕ ಕೊಟ್ಟು ಮಾಡ್ಸಿದ್ದು ನಮ್ದಲ್ಲೇನು, ವರ್ಷಾ ವರ್ಷಾ ಯಾರಿಗೆ ಕೊಡಾಕತ್ತೀವಿ? ಇನ್‌ಸ್ಟಾಗ್ರಾಮ್, ವಾಟ್ಸಾಪ್ನ್ಯಾಗ ಮಾರಾಟ ನಡದೈತಿ, ಸೈಟ್ ಬೇಕೋ ಬ್ಯಾಡೋ ಅನ್ನೋದೂ ಹೇಳ್ರಿ.

ಸರ್ವರ್_ಕಾಯೋನು:

ಬೆಂಗಳೂರಲ್ಲಿ ಹೋಸ್ಟಿಂಗ್ ಸಪೋರ್ಟಲ್ಲಿ 9 ವರ್ಷದಿಂದ ಇದೀನಿ, ಇದೇ ಕಥೆ ವಾರಕ್ಕೆ ನಾಲ್ಕು ಸಲ ಕೇಳ್ತೀನಿ, ದುಡ್ಡು ಕೊಡೋ ಮುಂಚೆ ಇಲ್ಲಿ ಕೇಳಿದ್ದು ಒಳ್ಳೇದಾಯ್ತು. ಮೊದಲು ಬ್ರೌಸರಲ್ಲಿ ಎರರ್ ಕೆಳಗಡೆ ಸಣ್ಣ ಅಕ್ಷರದಲ್ಲಿ ಏನ್ ಬರೆದಿದೆ ನೋಡಿ. ಎನ್‌ಎಕ್ಸ್‌ಡೊಮೈನ್ ಅಂತ ಇದ್ರೆ ನಿಮ್ಮ ಹೆಸರೇ ಸಿಗ್ತಿಲ್ಲ ಅಂತ. ಟೈಮ್ಡ್ ಔಟ್ ಅಂದ್ರೆ ಹೆಸರು ಸರಿ ಇದೆ, ಆ ಕಡೆ ಸರ್ವರ್ ಮಾತಾಡ್ತಿಲ್ಲ. ಅಕೌಂಟ್ ಸಸ್ಪೆಂಡೆಡ್ ಅಂತ ಪೇಜ್ ಬಂದ್ರೆ ಹೆಚ್ಚಿನ ಸಲ ಹೋಸ್ಟಿಂಗ್ ಬಾಕಿ. ಕನೆಕ್ಷನ್ ಈಸ್ ನಾಟ್ ಪ್ರೈವೇಟ್ ಅಂದ್ರೆ ಎಸ್‌ಎಸ್‌ಎಲ್, ಅಂದ್ರೆ ಸೈಟಿಗೂ ನೋಡೋರಿಗೂ ಮಧ್ಯೆ ಹೋಗೋದನ್ನ ಬೇರೆಯವರು ಓದದಂಗೆ ಕಾಪಾಡೋ ಬೀಗ, ಅದರ ಸರ್ಟಿಫಿಕೇಟ್ ಅವಧಿ ಮುಗಿದಿರಬಹುದು. ನಿಮ್ದು ಮೊದಲನೇದು ಅಂತ ನಂಗೆ ಅನ್ಸೋದು, ಯಾಕಂದ್ರೆ ಬರೀ ಸರ್ವರ್ ಮಲಗಿದ್ರೆ ಪುಣೆಯವರ ಮೇಲ್ ಸರ್ವರ್ ಆ ಮೇಲನ್ನ ಕೆಲವು ದಿನ ಇಟ್ಕೊಂಡು ಮತ್ತೆ ಮತ್ತೆ ಟ್ರೈ ಮಾಡ್ತಾ ಇರುತ್ತೆ, ಹೆಸರೇ ಇಲ್ಲ ಅಂತ ಉತ್ತರ ಬಂದಾಗ್ಲೇ ಕೂಡ್ಲೇ ವಾಪಸ್ ಕಳ್ಸೋದು.

ಈಗ ನಿಮ್ಮ ತಂದೆಯವರ ಪ್ರಶ್ನೆ, ಅದು ಸರಿಯಾದ ಪ್ರಶ್ನೆ. ನೀವು ಕೊಡ್ತಿರೋದು ಮೂರು ಬೇರೆ ಬೇರೆ ವಸ್ತುಗೆ. ಒಂದು ಡೊಮೈನ್ ಅಂದ್ರೆ ಹೆಸರು. ಎರಡು ಹೋಸ್ಟಿಂಗ್, ನಿಮ್ಮ ಫೋಟೋ, ಬರಹ ಎಲ್ಲ ಇಟ್ಟಿರೋ ಕಂಪ್ಯೂಟರಲ್ಲಿ ಜಾಗದ ಬಾಡಿಗೆ, 24 ಗಂಟೆ ಕರೆಂಟು ನೆಟ್ಟು ಇರೋ ಜಾಗ. ಮೂರು ಡಿಸೈನರ್ ಕೆಲಸದ ಕೂಲಿ. ನೀವು ಮೊದಲು ಕೊಟ್ಟ 22,000 ಕೂಲಿ, ಅದು ಮುಗೀತು. ಡೊಮೈನ್, ಹೋಸ್ಟಿಂಗ್ ಎರಡಕ್ಕೂ ವರ್ಷಾ ವರ್ಷಾ ಕಟ್ಟಲೇಬೇಕು. ಎಸ್‌ಎಸ್‌ಎಲ್‌ಗೆ ಅಂತ ನಿಮ್ಮಂಥ ಸೈಟಿಗೆ ಬೇರೆ ದುಡ್ಡು ಬೇಕಾಗಿಲ್ಲ, ಲೆಟ್ಸ್ ಎನ್‌ಕ್ರಿಪ್ಟ್ ಅಂತ ಲಾಭಕ್ಕಲ್ಲದ ಸಂಸ್ಥೆ ಫ್ರೀಯಾಗಿ ಕೊಡುತ್ತೆ, ಬಹಳ ಹೋಸ್ಟಿಂಗ್‌ನವರು ಅದನ್ನೇ ಹಾಕೋದು. ಡಿಸೈನರ್ ತನ್ನ ಕೆಲಸಕ್ಕೆ ಕೇಳೋದು ತಪ್ಪಲ್ಲ, ಆದ್ರೆ 14,500ನ ಬಿಡಿಸಿ ಬರೆದು ಕೊಡಿ ಅನ್ನಿ.

ಹೆಸರು ಹೆಂಗೆ ಕೆಲಸ ಮಾಡುತ್ತೆ ಅಂದ್ರೆ, ನೆಟ್‌ನಲ್ಲಿ ಯಂತ್ರಗಳಿಗೆ ಇರೋದು ನಂಬರ್ ಮಾತ್ರ, ಐಪಿ ಅಡ್ರೆಸ್. 1983ಕ್ಕೆ ಮುಂಚೆ ಎಲ್ಲ ಯಂತ್ರಗಳ ಹೆಸರು ನಂಬರು ಅಮೆರಿಕದಲ್ಲಿ ಒಂದು ಕಡೆ ಒಂದೇ ಫೈಲಲ್ಲಿ ಬರೆದಿಡ್ತಿದ್ರು, ಯಂತ್ರ ಜಾಸ್ತಿ ಆದಂಗೆ ಅದು ನಡೀಲಿಲ್ಲ, ಆಗ ಪಾಲ್ ಮೊಕಪೆಟ್ರಿಸ್ ಡಿಎನ್‌ಎಸ್ ಅನ್ನೋ ವ್ಯವಸ್ಥೆ ಮಾಡಿದ್ರು, ಕೆಲಸ ಹಂಚಿ ಹಾಕೋದು. ನಿಮ್ಮ ಗಿರಾಕಿ ಹೆಸರು ಟೈಪ್ ಮಾಡಿದ್ರೆ ಅವರ ನೆಟ್ ಕಂಪನಿಯ ಸರ್ವರ್ ಮೊದಲು ಎಲ್ಲಕ್ಕಿಂತ ಮೇಲಿನ ರೂಟ್ ಸರ್ವರ್‌ನ ಕೇಳುತ್ತೆ, ಅದು ಡಾಟ್ ಇನ್ ಕಡೆ ಕೈ ತೋರ್ಸುತ್ತೆ, ಡಾಟ್ ಇನ್ ನೋಡ್ಕೊಳ್ಳೋದು ನಮ್ಮ ದೇಶದ ನಿಕ್ಸಿ ಅನ್ನೋ ಸಂಸ್ಥೆ, ಅಲ್ಲಿಂದ ನಿಮ್ಮ ಹೆಸರಿನ ನೇಮ್‌ಸರ್ವರ್ ಯಾವುದು ಅಂತ ಸಿಗುತ್ತೆ, ಅದು ನಂಬರ್ ಕೊಡುತ್ತೆ. ಒಂದ್ಸಲ ಸಿಕ್ಕ ಉತ್ತರನ ಪ್ರತಿ ನೆಟ್ ಕಂಪನಿ ಸ್ವಲ್ಪ ಹೊತ್ತು ನೆನಪಿಟ್ಕೊಂಡಿರುತ್ತೆ. ನಿಮ್ಮ ಅಕ್ಕನ ಫೋನಲ್ಲಿ ಒಂದಿನ ಬಂದಿದ್ದು ಆ ಹಳೇ ನೆನಪಿನಿಂದ.

ಸೈಟ್ ಹೋದ್ರೆ ಮೇಲ್ ಯಾಕೆ ಹೋಯ್ತು ಅನ್ನೋದಕ್ಕೂ ಇದೇ ಉತ್ತರ. ಇಂಟರ್‌ನೆಟ್ ಅಂದ್ರೆ ರಸ್ತೆ, ವೆಬ್ ಆ ರಸ್ತೇಲಿ ಓಡೋ ಒಂದು ಬಸ್ಸು ಅಷ್ಟೇ. ನೆಟ್‌ವರ್ಕಲ್ಲಿ ಮೇಲ್ ಕಳ್ಸೋದು 1971ರಿಂದಲೇ ಇತ್ತು, ವೆಬ್‌ನ ಟಿಮ್ ಬರ್ನರ್ಸ್ ಲೀ ಸರ್ನ್ ಅನ್ನೋ ಸಂಶೋಧನಾ ಕೇಂದ್ರದಲ್ಲಿ ಪ್ರಸ್ತಾಪ ಮಾಡಿದ್ದೇ 1989ರಲ್ಲಿ. ಎರಡೂ ಬೇರೆ ಬೇರೆ, ಬೇರೆ ಬೇರೆ ಸರ್ವರಲ್ಲೂ ಇರಬಹುದು. ಆದ್ರೆ ದಾರಿ ಕೇಳೋದು ಇಬ್ರೂ ಅದೇ ಡಿಎನ್‌ಎಸ್‌ನ. ಹೆಸರು ಹೋಯ್ತು ಅಂದ್ರೆ ಎರಡೂ ಹೋದ್ವು.

ಅದಕ್ಕೇ ಹೇಳೋದು, ಡೊಮೈನಿನ ಪಹಣಿ ಯಾರ ಹೆಸರಲ್ಲಿದೆ ಅಂತ ಇವತ್ತೇ ನೋಡಿ. ಡಾಟ್ ಇನ್ ರಿಜಿಸ್ಟ್ರಿಯಲ್ಲಿ ಹೂಇಸ್ ಅಂತ ಹುಡುಕೋ ಜಾಗ ಇದೆ, ನಿಮ್ಮ ಸೈಟಿನ ಹೆಸರು ಹಾಕಿ. ರಿಜಿಸ್ಟ್ರಾರ್ ಅಂದ್ರೆ ಹೆಸರು ನೋಂದಾಯಿಸಿದ ಕಂಪನಿ ಯಾರು, ಎಕ್ಸ್‌ಪೈರಿ ಯಾವತ್ತು, ನೇಮ್‌ಸರ್ವರ್ ಯಾವುದು, ಮೂರೂ ಬರ್ಕೊಳ್ಳಿ. ಅವಧಿ ಮುಗಿದಿದ್ರೆ ಹಳಬರಿಗೆ ಬಿಡಿಸ್ಕೊಳ್ಳೋಕೆ ಸ್ವಲ್ಪ ದಿನ ಟೈಮ್ ಇರುತ್ತೆ, ಅದು ದಾಟಿದ್ರೆ ಯಾರ್ ಬೇಕಾದ್ರೂ ತಗೋಬಹುದು. ತಡ ಮಾಡ್ಬೇಡಿ. ಹೋಸ್ಟಿಂಗ್ ಹೋದ್ರೆ ಬೇರೆ ತಗೋಬಹುದು, ಡಿಸೈನ್ ಹೋದ್ರೆ ಇನ್ನೊಂದ್ಸಲ ಮಾಡ್ಸಬಹುದು, ಮೂರು ವರ್ಷ ನಿಮ್ಮ ವಿಸಿಟಿಂಗ್ ಕಾರ್ಡಲ್ಲಿ ಅಚ್ಚಾಗಿರೋ ಆ ಹೆಸರು ಬೇರೆಯವರ ಪಾಲಾದ್ರೆ ಕಷ್ಟ.

ದಾವಣಗೆರೆ_ಬೆಣ್ಣೆ:

ನನ್ನ ಅಭಿಪ್ರಾಯ ಬೇರೆ ಗುರುವೇ. ಎರಡು ಮಗ್ಗದ ವ್ಯಾಪಾರಕ್ಕೆ ಸೈಟ್ ಯಾಕೆ? ನಂದು ಬಟ್ಟೆ ಅಂಗಡಿ, ವಾಟ್ಸಾಪ್ ಬಿಸಿನೆಸ್ಸಲ್ಲಿ ಕ್ಯಾಟಲಾಗ್ ಹಾಕಿದೀನಿ, ಫೋಟೋ ರೇಟು ಎಲ್ಲ ಅದ್ರಲ್ಲೇ, ಯುಪಿಐಲಿ ದುಡ್ಡು ಬರುತ್ತೆ, ಒಂದು ರೂಪಾಯಿ ಖರ್ಚಿಲ್ಲ. ಗಿರಾಕಿ ಎಲ್ಲಿದಾರೋ ಅಲ್ಲಿ ನಾವಿರ್ಬೇಕು, ಅವರು ಇರೋದು ವಾಟ್ಸಾಪಲ್ಲಿ. ಆ ದುಡ್ಡಲ್ಲಿ ನೂಲು ತಗೊಳ್ಳಿ.

ಶಿರಸಿ_ಮಿಡಿ:

ಬೆಣ್ಣೆ ಅಣ್ಣ ಹೇಳಿದ್ದು ನಾನೂ ಮೂರು ವರ್ಷ ನಂಬಿದ್ದೆ. ನಮ್ದು ಅಪ್ಪೆಮಿಡಿ ಉಪ್ಪಿನಕಾಯಿ, ಮನೇಲೇ ಮಾಡಿ ಮಾರೋದು. ಪೂರ್ತಿ ವ್ಯಾಪಾರ ಒಂದು ಆ್ಯಪಲ್ಲೇ ಇಟ್ಕೊಂಡಿದ್ದೆ, ಯಾವ ಆ್ಯಪು ಅಂತ ಬೇಡ ಬಿಡಿ. ಒಂದು ಏಪ್ರಿಲ್‌ನಲ್ಲಿ, ಮಿಡಿ ಬರೋ ಹೊತ್ತಲ್ಲೇ, ಅಕೌಂಟ್ ಲಾಕ್ ಆಯ್ತು, ಯಾಕೆ ಅಂತ ಇವತ್ತಿಗೂ ಗೊತ್ತಾಗಲಿಲ್ಲ, ಫಾರ್ಮ್ ತುಂಬಿ ತುಂಬಿ 19 ದಿನ ಆದ್ಮೇಲೆ ವಾಪಸ್ ಬಂತು. ಆ 19 ದಿನ ನಾನು ಎಲ್ಲಿ ಹೋದೆ ಅಂತ ಗಿರಾಕಿಗಳಿಗೆ ಹೇಳೋಕೆ ಒಂದು ಜಾಗ ಇರ್ಲಿಲ್ಲ. ಪುಸ್ತಕದಲ್ಲಿ ಬರೆದಿಟ್ಟಿದ್ದು 140 ಜನರ ನಂಬರ್ ಮಾತ್ರ, ಅವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದೆ, ಉಳಿದವರು ಬೇರೆ ಕಡೆ ತಗೊಂಡ್ರು. ಉಪ್ಪಲ್ಲಿ ಹಾಕಿಟ್ಟ ಮಿಡಿ ಕೆಡಲಿಲ್ಲ, ಅದೊಂದು ದೇವರ ದಯೆ.

ಅದಾದ್ಮೇಲೆ ಡೊಮೈನ್ ತಗೊಂಡೆ. ದೊಡ್ಡ ಸೈಟ್ ಏನೂ ಇಲ್ಲ, ಒಂದೇ ಪೇಜ್, ನಾವು ಯಾರು, ಏನೇನಿದೆ, ರೇಟು, ಕೆಳಗೆ ವಾಟ್ಸಾಪ್ ಬಟನ್. ಬಾಟಲಿ ಲೇಬಲ್ ಮೇಲೆ ಎಫ್‌ಎಸ್‌ಎಸ್‌ಎಐ ಅಂದ್ರೆ ಆಹಾರ ಸುರಕ್ಷತೆಯವರು ಕೊಡೋ 14 ಅಂಕಿ ನಂಬರ್ ಪಕ್ಕ ಈಗ ಡೊಮೈನ್ ಹೆಸರೇ ಪ್ರಿಂಟ್ ಮಾಡ್ಸೋದು, ಆ್ಯಪ್ ಹೆಸರಲ್ಲ. ನಾಳೆ ವಾಟ್ಸಾಪ್ ಬಿಟ್ಟು ಬೇರೆ ಬಂದ್ರೆ ಆ ಬಟನ್ ಒಂದು ಬದ್ಲಾಯಿಸಿದ್ರೆ ಆಯ್ತು, ಲೇಬಲ್ ಅದೇ ಇರುತ್ತೆ. ಆ್ಯಪ್ ಬಿಡಿ ಅಂತ ಹೇಳ್ತಿಲ್ಲ, ನಂಗೂ ಹೊಸ ಗಿರಾಕಿ ಸಿಗೋದು ಅಲ್ಲೇ. ಆದ್ರೆ ಸಿಕ್ಕವರನ್ನ ನಿಮ್ಮ ಹೆಸರಿನ ಮನೆಗೆ ಕರ್ಕೊಂಡು ಬನ್ನಿ.

ನ್ಯೂಜೆರ್ಸಿ_ಹುಬ್ಳಿ_ಹುಡುಗಿ:

ಗಿರಾಕಿ ಕಡೆಯಿಂದ ಒಂದು ಮಾತು. ಹೋದ ವರ್ಷ ಅಮ್ಮಂಗೆ ಇಳಕಲ್ ಸೀರೆ ಹುಡುಕ್ತಾ ಒಂದು ವಾರ ಕಳದೆ. ಸಿಕ್ಕಿದ್ದೆಲ್ಲ ಇಳಕಲ್ ಅಂತ ಹೆಸರಿಟ್ಟ ಪವರ್‌ಲೂಮ್ ಸೀರೆ. ಕೈಮಗ್ಗದ್ದು ಅಂತ ಗೊತ್ತಾಗ್ಬೇಕು ಅಂದ್ರೆ ಸೆರಗಿನ ಹಾಸು ಒಡಲಿನ ಹಾಸು ಸೇರ್ಸೋ ತೋಪ್ ತೆನಿ ಜಾಗ ಹತ್ತಿರದಿಂದ ತೋರ್ಸಿ, ಯಾರು ನೇಯ್ದಿದ್ದು, ಎಷ್ಟು ದಿನ ಹಿಡೀತು ಬರೀರಿ, ಮತ್ತೆ ಅದನ್ನ ಫೋಟೋ ಒಳಗೆ ಬರೀಬೇಡಿ, ಅಕ್ಷರವಾಗಿ ಟೈಪ್ ಮಾಡಿ, ಗೂಗಲ್‌ಗೆ ಹುಡುಕಿ ಕೊಡೋಕೆ ಅಕ್ಷರಾನೇ ಸುಲಭ. ಸಾಮಾಜಿಕ ಜಾಲತಾಣದ ಪೋಸ್ಟು ವಾರದಲ್ಲಿ ಕೆಳಗೆ ಹೋಗ್ಬಿಡುತ್ತೆ, ಸೈಟ್‌ನ ಪೇಜು ಎರಡು ವರ್ಷ ಆದ್ಮೇಲೂ ಹುಡುಕಿದವರಿಗೆ ಸಿಗುತ್ತೆ.

ಇನ್ನೊಂದು, ಫೋನಲ್ಲಿ ತೆಗ್ದ ಫೋಟೋನ ಹಂಗೇ ಹಾಕ್ಬೇಡಿ. ನೆಟ್‌ನಲ್ಲಿ ಯಾವುದೇ ಫೈಲು ಸುಮಾರು 1,500 ಬೈಟಿನ ಸಣ್ಣ ಸಣ್ಣ ಪ್ಯಾಕೆಟ್ ಆಗಿ ಒಡೆದು ಬರೋದು, 4 ಎಂಬಿ ಫೋಟೋ ಅಂದ್ರೆ 2,500ಕ್ಕೂ ಜಾಸ್ತಿ ಪ್ಯಾಕೆಟ್, ಅಷ್ಟೂ ಸಮುದ್ರದ ಕೆಳಗಿನ ಕೇಬಲ್ ದಾಟಿ ನನ್ನ ಹತ್ರ ಬಂದು ಸೇರ್ಬೇಕು, ದಾರೀಲಿ ಕಳೆದಿದ್ದನ್ನ ಮತ್ತೆ ಕಳ್ಸಬೇಕು. ಒಂದು ಪೇಜಲ್ಲಿ ಅಂಥಾ 30 ಫೋಟೋ ಇದ್ರೆ ಜನ ಕಾಯಲ್ಲ. 200 ಕೆಬಿಗೆ ಇಳ್ಸಿ, ಬಣ್ಣ ಏನೂ ಕೆಡಲ್ಲ. ಮತ್ತೆ ದುಡ್ಡು ಕಟ್ಟೋ ಜಾಗದಲ್ಲಿ ಯುಪಿಐ ಕ್ಯೂಆರ್ ಮಾತ್ರ ಇತ್ತು ಅಂತ ನಾನು ಎರಡು ಅಂಗಡಿ ಬಿಟ್ಟೆ, ನನ್ನ ಹತ್ರ ಇರೋದು ಇಲ್ಲಿನ ಬ್ಯಾಂಕ್ ಕಾರ್ಡು. ಪೇಮೆಂಟ್ ಗೇಟ್‌ವೇಲಿ, ಅಂದ್ರೆ ಸೈಟಲ್ಲಿ ದುಡ್ಡು ತಗೊಳ್ಳೋ ಸೇವೇಲಿ, ಇಂಟರ್‌ನ್ಯಾಷನಲ್ ಕಾರ್ಡ್ ಆನ್ ಮಾಡ್ಸಿದೀರಾ ನೋಡಿ, ಬಹಳ ಕಡೆ ಅದನ್ನ ಬೇರೆಯಾಗಿ ಕೇಳ್ಕೋಬೇಕು.

ಇಳಕಲ್_ಮಗ್ಗ:

ಎಲ್ಲರಿಗೂ ಕೈ ಮುಗಿತೀನ್ರಿ. ಸರ್ವರ್ ಅಣ್ಣಾರು ಹೇಳಿದ್ದ ಖರೆ ಆತು, ಎನ್‌ಎಕ್ಸ್‌ಡೊಮೈನ್ ಅಂತನ ಬರಾಕತ್ತಿತ್ತು. ಹೂಇಸ್ ನೋಡಿದ್ರ ಎಕ್ಸ್‌ಪೈರಿ ಮುಗದು ಆರು ದಿನ ಆಗಿತ್ತು. ಡಿಸೈನರ್‌ಗೆ ಫೋನ್ ಮಾಡಿ ಜಗಳಾಡದ ಕೇಳಿದೆ, ಹೆಸರು ಅವ್ರ ಅಕೌಂಟಿನ್ಯಾಗ ಅವ್ರ ಮೇಲ್ ಮ್ಯಾಲ ಐತಂತ, ಬ್ಯಾರೆ ಗಿರಾಕಿಗೋಳದ್ದೂ ಹಂಗ ಐತಂತ. ಬಿಡಿಸಿ ಲೆಕ್ಕ ಕೇಳಿದ್ಮ್ಯಾಲ ಹೆಸರಿಗೆ 900ರ ಒಳಗ, ಹೋಸ್ಟಿಂಗ್‌ಗೆ 3,200, ಉಳಿದದ್ದು ಹೊಸಾ ಡಿಸೈನ್ ಮಾಡೂದು ಅಂತ ಹೇಳಿದ್ರು, ಹೊಸಾ ಡಿಸೈನ್ ನಾವು ಕೇಳೇ ಇದ್ದಿಲ್ಲ. ನಾನು ಅದೇ ರಿಜಿಸ್ಟ್ರಾರ್ ಕಡೆ ಅಕೌಂಟ್ ತಗದೆ, ಅವ್ರು ಹೆಸರು ರಿನ್ಯೂ ಮಾಡಿ ನನ್ನ ಅಕೌಂಟಿಗೆ ಪುಶ್ ಮಾಡಿ ಕೊಟ್ರು, ಫೈಲ್ ಎಲ್ಲ ಜಿಪ್ ಮಾಡಿ ಕಳ್ಸಿದ್ರು. ರಾತ್ರಿ ಒಂಬತ್ತಕ್ಕ ಸೈಟ್ ಬಂತು. ಪುಣೆದವ್ರು ಮುಂಜಾನೆ ಮತ್ತ ಮೇಲ್ ಹಾಕ್ಯಾರ, 15 ಅಂದವ್ರು 18 ಕೇಳ್ಯಾರ. ಅಪ್ಪಗ ಪಹಣಿ ಅಂದ ಕೂಡ್ಲೇ ತಿಳೀತು, ಮೊದ್ಲ ನಿನ್ನ ಹೆಸರಿಗೆ ಮಾಡ್ಸು ಅಂದ್ರು.

ತೋಪ್ ತೆನಿ ಜೋಡ್ಸೋದು ಅವ್ವನ ಕೈಲೆ ವಿಡಿಯೋ ಮಾಡಿ ಹಾಕ್ತೀನಿ. ಕಡೀ ಪ್ರಶ್ನೆ, ಕನ್ನಡದಾಗ ಡೊಮೈನ್ ಹೆಸರು ಸಿಗ್ತೈತಿ ಅಂತ ಕೇಳೇನಿ, ತಗೋಬೇಕಾ?

ಸರ್ವರ್_ಕಾಯೋನು:

ತುಂಬಾ ಖುಷಿ ಆಯ್ತು. ಕನ್ನಡದಲ್ಲಿ ಡಾಟ್ ಭಾರತ ಇದೆ, ಹೆಸರು ಪೂರ್ತಿ ಕನ್ನಡ ಅಕ್ಷರದಲ್ಲೇ. ಒಳಗಡೆ ಬ್ರೌಸರ್ ಅದನ್ನ ಎಕ್ಸ್‌ಎನ್ ಅಂತ ಶುರುವಾಗೋ ಇಂಗ್ಲಿಷ್ ಅಕ್ಷರದ ಸಾಲು ಮಾಡಿ ಡಿಎನ್‌ಎಸ್‌ನ ಕೇಳುತ್ತೆ, ನೋಡೋರಿಗೆ ಕನ್ನಡಾನೇ ಕಾಣುತ್ತೆ. ತಗೊಂಡು ಡಾಟ್ ಇನ್ ಸೈಟಿಗೇ ತಿರುಗ್ಸಿ, ಊರಿನ ಬೋರ್ಡಿಗೆ ಚೆನ್ನಾಗಿರುತ್ತೆ. ಮೇಲ್ ಮಾತ್ರ ಡಾಟ್ ಇನ್‌ದೇ ಇಟ್ಕೊಳ್ಳಿ, ಕನ್ನಡ ಅಕ್ಷರದ ಮೇಲ್ ಐಡಿ ಎಲ್ಲ ಕಡೆ ಇನ್ನೂ ಹೋಗಲ್ಲ.

ಒಂದು ಮರ್ತಿದ್ದೆ. ರಿಜಿಸ್ಟ್ರಾರ್ ಅಕೌಂಟಿಗೆ ಯಾವ ಮೇಲ್ ಐಡಿ ಕೊಟ್ಟಿದೀರಾ? ನಿಮ್ಮ ಡೊಮೈನಿನ ಮೇಲೇ ಕೊಟ್ಟಿದ್ರೆ, ಮುಂದೆ ಯಾವತ್ತಾದ್ರೂ ಹೆಸರು ನಿಂತ್ರೆ ಪಾಸ್‌ವರ್ಡ್ ರೀಸೆಟ್ ಲಿಂಕು ಆ ನಿಂತ ಮೇಲ್‌ಗೇ ಹೋಗೋದು, ಒಳಗೆ ಹೋಗೋಕೇ ಆಗಲ್ಲ.

ಇಳಕಲ್_ಮಗ್ಗ:

ಅದನ್ನ ಕೊಟ್ಟಿದ್ನಿರಿ. ಈಗ ಬದಲಿ ಮಾಡ್ದೆ, ನನ್ನ ಜಿಮೇಲ್ ಹಾಕಿ, ಅಕ್ಕನ ಫೋನ್ ನಂಬರೂ ಎರಡನೇದಕ್ಕ ಸೇರ್ಸೇನಿ.